ದಾಟಿದವರು, ದಾಟದವರು

ಸೇಲಂ, ಧರ್ಮಪುರಿ ಜಿಲ್ಲೆಗಳ ರಸ್ತೆಗಳಲ್ಲಿ ಲಾರಿ, ಬಸ್ಸು, ಕಾರು ಎಷ್ಟು ಓಡುತ್ತವೆಂಬುದಕ್ಕೆ ಲೆಕ್ಕವಿತ್ತು. ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ಇರಲಿಲ್ಲ. ಅದನ್ನು ಶುರುಮಾಡುವ ಕೆಲಸ ಸೇಲಂನ ಎಂಜಿನಿಯರ್ ಶ್ರೀವಿದ್ಯಾಳ ಪಾಲಿಗೆ ಬಂತು. ಓಮಲೂರು, ಮೊರಪ್ಪೂರುಗಳಲ್ಲಿ ಎಲ್ಲ ಸಲೀಸಾಗಿ ನಡೆಯಿತು. ತೊಡಕಾದದ್ದು ಕಾರಿಮಂಗಲಂ ದಾಟಿದ ಮೇಲೆ ಸಿಗುವ ಒಂದು ಹಳ್ಳಿಯಲ್ಲಿ.

ಅಲ್ಲಿ ಹೆದ್ದಾರಿ ಊರನ್ನು ಎರಡು ಮಾಡಿತ್ತು. ಈಚೆ ಹೆಚ್ಚಿನ ಮನೆಗಳು, ಆಚೆ ಉಳಿದ ಕೆಲವು ಮನೆ, ಶಾಲೆ, ಹಾಲಿನ ಸೊಸೈಟಿ, ರೇಷನ್ ಅಂಗಡಿ. ರಸ್ತೆಯ ನಡುಗಟ್ಟೆ ಒಂದು ಕಡೆ ಒಡೆದಿತ್ತು. ಜನ ಅಲ್ಲೇ ನುಸುಳಿ ದಾಟುತ್ತಿದ್ದರು. ಎಣಿಸಲು ಊರಿನವನೇ ಆದ ಪ್ರಭುವನ್ನು ನೇಮಿಸಿ, ಮೊದಲ ದಿನ ಶ್ರೀವಿದ್ಯಾಳೂ ಅವನ ಜೊತೆ ಹುಣಸೆಮರದಡಿ ಕುಳಿತಳು.

ಜನ ದಾಟುತ್ತಲೇ ಇದ್ದರು. ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಓಡಾಟವೇ ಎಂದು ಅವಳಿಗೆ ಮೊದಲು ಖುಷಿಯಾಯಿತು, ಆಮೇಲೆ ಅನುಮಾನ ಬಂತು. ಅಷ್ಟರಲ್ಲಿ ರಸ್ತೆಯಂಚಿನಲ್ಲಿ ನಿಂತಿದ್ದ ಹಿರಿಯ ಹೆಂಗಸೊಬ್ಬಳು ಕನ್ನಡದಲ್ಲಿ ಕೂಗಿ ಹೇಳಿದಳು: "ಮುನಿಲಕ್ಷ್ಮೀ, ಇನ್ನೊಂದ್ ಸತಿ ಓಗ್ ಬಾರೇ. ಸೀರೆ ಬದ್ಲಾಯ್ಸ್ಕೊ, ಮೇಡಂಗೆ ಗುರ್ತು ಸಿಕ್ಬುಟ್ಟಾತು."

"ಸಿಕ್ಕಾಯ್ತಮ್ಮಾ," ಎಂದಳು ಶ್ರೀವಿದ್ಯಾ. ಅಲ್ಲಿಯವರೆಗೂ ಅವಳು ಆಡಿದ್ದು ತಮಿಳು ಮಾತ್ರ.

ಆ ಹೆಂಗಸಿನ ಹೆಸರು ಮುತ್ತಮ್ಮ. ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ನೀನೂ ನಮ್ಮೋಳಾ? ಅಂಗಾರೆ ಕೊಂಜಂ ಜಾಸ್ತಿ ಬರ್ಕೊಳ್ಳವ್ವ. ಜನ ಜಾಸ್ತಿ ಇದ್ರೆ ಸಬ್‌ವೇ ಕಟ್ಟಿಕೊಡ್ತಾರಂತಲ್ಲ."

"ಆಗಲ್ಲಮ್ಮ. ಬೆಳಗ್ಗೆಯಿಂದ ಎಣಿಸಿದ್ದನ್ನೂ ತೆಗೆದುಹಾಕಬೇಕು."

"ಇದ್ರಾಗೆ ಸುಳ್ ಎಲ್ಲೈತೆ? ನಮ್ಮತ್ಗೆ ಅಂಕಮ್ಮ ಗಾಡಿ ಬಡ್ದು ಕಾಲ್ ಮುರ್ಕಂಡ್ ಮ್ಯಾಲೆ ಈ ರೋಡಿನ ಕಡೀಕೇ ಬಂದಿಲ್ಲ. ಆಚೆ ಇರೋ ಮಗಳ ಮನೇಗೂ ಓಗಲ್ಲ. ದಾಟೋರ್ನ ನೀನ್ ಎಣಿಸ್ತೀಯ. ಭಯ ಬಿದ್ದು ದಾಟ್ದೇ ಇರೋರ್ನ ಯಾರ್ ಎಣಿಸ್ತಾರೆ? ಅವ್ರ ಬದ್ಲು ನಾವ್ ದಾಟ್ದೋ, ಅಷ್ಟೇಯ."

ಇಂಥ ಎಣಿಕೆಯಲ್ಲಿ ಆ ಕೊರತೆ ಇದ್ದೇ ಇರುತ್ತದೆಂದು ಶ್ರೀವಿದ್ಯಾ ಓದಿದ್ದಳು. ಆದರೂ ಹಾಳೆಗೆ ಅಡ್ಡಗೆರೆ ಎಳೆದಳು. ಪ್ರಭು ತಲೆ ತಗ್ಗಿಸಿದ. ಹೆಂಗಸರು ಚದುರಿದರು.

ಮುಂದಿನ ವಾರ ಅವಳು ಯಾರಿಗೂ ತಿಳಿಸದೆ ಬಂದು ತಾನೇ ಎಣಿಸಿದಳು. ಸಿಕ್ಕಿದ ಸಂಖ್ಯೆ ಸಣ್ಣದು. ಇದ್ದದ್ದನ್ನು ಇದ್ದಂತೆಯೇ ಮೇಲಿನ ಕಚೇರಿಗೆ ಕಳಿಸಿದಳು. ಜೊತೆಗೆ ಮನೆಮನೆಗೆ ಹೋಗಿ, ರಸ್ತೆಗೆ ಹೆದರಿ ಎಲ್ಲೆಲ್ಲಿಗೆ ಹೋಗುವುದನ್ನು ಬಿಟ್ಟಿದ್ದೀರಿ ಎಂದು ಕೇಳಿ ಬರೆದುಕೊಂಡು, ಅದನ್ನೂ ಕಳಿಸಿದಳು. ಅಂಕಮ್ಮ ಮಂಚದಿಂದ ಏಳದೆಯೇ ಉತ್ತರ ಕೊಟ್ಟಳು.

ಸಬ್‌ವೇಗಾಗಿ ಆರಿಸಿದ ಊರುಗಳಲ್ಲಿ ಈ ಊರು ಬರಲಿಲ್ಲ. ಆದರೆ ಮನೆಮನೆಯಲ್ಲಿ ಕೇಳಿದ ಆ ಪ್ರಶ್ನೆಯನ್ನು ಇನ್ನು ಎಲ್ಲ ಕಡೆಯೂ ಕೇಳಬೇಕೆಂದೂ, ಈ ಜಾಗದಲ್ಲಿ ವರ್ಷವರ್ಷವೂ ಎಣಿಸಬೇಕೆಂದೂ ತೀರ್ಮಾನವಾಯಿತು. ಫೋನಿನಲ್ಲೇ ತಿಳಿಸಬಹುದಿತ್ತು. ಶ್ರೀವಿದ್ಯಾ ಬಸ್ಸು ಹತ್ತಿ ಬಂದಳು.

ಮುತ್ತಮ್ಮ ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಶ್ರೀವಿದ್ಯಾಳಿಗೆ ಹಗುರವಾಗುತ್ತಿತ್ತು.

"ವರ್ಸಾ ವರ್ಸಾ ಎಣಿಸ್ತೀರಾ?"

"ಹೌದಮ್ಮ."

"ಅಂಗಾರೆ ನಾನೇ ಎಣಿಸ್ತೀನಿ. ಪ್ರಭು ನಮ್ಮಣ್ಣನ ಮಗ, ನಾನ್ ಯೋಳ್ದಂಗೆ ಗೀಟ್ ಹಾಕ್ದ. ನಂಗೆ ಅಂಗೆ ಯೋಳೋರ್ ಯಾರವ್ರೆ?"

ಶ್ರೀವಿದ್ಯಾಳಿಗೆ ನಗು ಬಂತು. ಸೇಲಂ ತಲುಪುವ ತನಕ ಯೋಚಿಸಿ, ಮುತ್ತಮ್ಮನನ್ನೇ ನೇಮಿಸಿದಳು.

ಮರುವರ್ಷದ ಎಣಿಕೆಯ ದಿನ ಬೆಳಿಗ್ಗೆಯೇ ಫೋನು ಬಂತು. ಆ ತುದಿಯಲ್ಲಿ ಲಾರಿಗಳ ಸದ್ದು.

"ಒಬ್ಬ ಸೈಕಲ್ ತಳ್ಕಂಡ್ ಓಯ್ತಾವ್ನೆ. ಯಾವ್ದ್ರಾಗ್ ಹಾಕ್ಲಿ?"

"ನಡೆಯೋರಲ್ಲಿ."

"ಎರಡ್ರಾಗೂ ಹಾಕಕ್ಕಾಗಲ್ವಾ?"

"ಆಗಲ್ಲಮ್ಮ."

"ಸರಿ ಬಿಡು," ಎಂದು ಮುತ್ತಮ್ಮ ಫೋನಿಟ್ಟಳು.