ಕೊಳವೆಯೊಳಗಿನ ಪುದೀನ

ಮಣ್ಣಿಲ್ಲದೆ ಸೊಪ್ಪು ಬೆಳೆಯಬಹುದು ಎಂದು ಮಗಳು ಹೇಳಿದಾಗ ನಾನು ಮೂಗು ಮುರಿದೆ. ಆಸ್ಪತ್ರೆಯ ತೋಟದಲ್ಲಿ ಮೂವತ್ತೆಂಟು ವರ್ಷ ದುಡಿದವಳು ನಾನು. ಮಣ್ಣನ್ನು ಮೂಸಿ ನೋಡಿಯೇ ಅದಕ್ಕೇನು ಕಡಿಮೆಯಾಗಿದೆ ಎಂದು ಹೇಳಬಲ್ಲೆ. ಅಂಥವಳಿಗೆ ಪ್ಲಂಬರ್ ಕೆಲಸ ಮಾಡುವ ಮಗಳು ಗಿಡದ ಪಾಠ ಹೇಳುವುದೇ?

ಆದರೆ ನನ್ನ ಮಂಡಿಗಳು ಕೈಕೊಟ್ಟಿದ್ದವು. ಇನ್ನು ಬಗ್ಗುವ ಹಾಗಿಲ್ಲ, ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ ಮೇಲೆ ಕೆಲಸ ಬಿಟ್ಟು ಮೂರನೇ ಮಹಡಿಯ ಮನೆಯಲ್ಲಿ ಕೂತಿದ್ದೆ. ಬೆಳಗಾದರೆ ನನಗಾಗಿ ಕಾಯುವ ಒಂದು ಗಿಡವೂ ಇರಲಿಲ್ಲ. ಗೋಡೆ ನೋಡಿ ನೋಡಿ ಅಳು ಬರುತ್ತಿತ್ತು. ಅಳು ಬಂದಾಗಲೆಲ್ಲ ಮಗಳ ಮೇಲೆ ರೇಗುತ್ತಿದ್ದೆ.

ಅದಕ್ಕೇ ಅವಳು ಹಿಂದಿನ ಕೋಣೆಯಲ್ಲಿ ಸೊಂಟದೆತ್ತರಕ್ಕೆ ನಾಲ್ಕು ಬಿಳಿ ಕೊಳವೆ ಜೋಡಿಸಿದಳು. ಅವುಗಳ ಮೇಲೆ ಸಾಲಾಗಿ ತೂತು, ತೂತಿಗೊಂದು ಜಾಲರಿ ಬಟ್ಟಲು, ಬಟ್ಟಲಿನಲ್ಲಿ ಪುದೀನ, ಕೊತ್ತಂಬರಿ, ಸಬ್ಬಸಿಗೆ. ಪಕ್ಕದಲ್ಲಿ ಸ್ಟೂಲಿನ ಮೇಲೆ ನೀರಿನ ತೊಟ್ಟಿ. ತೊಟ್ಟಿಯೊಳಗಿನ ಪುಟ್ಟ ಪಂಪು ನೀರನ್ನು ಕೊಳವೆಗೆ ಹತ್ತಿಸುತ್ತದೆ. ಅದು ಬೇರುಗಳನ್ನು ತೋಯಿಸಿಕೊಂಡು ಮತ್ತೆ ತೊಟ್ಟಿಗೇ ಇಳಿಯುತ್ತದೆ.

"ಒಂದು ತಿಂಗಳು ನೋಡಮ್ಮ. ಬೇಡ ಅನಿಸಿದ್ರೆ ಬಿಚ್ಚಿ ತಗೊಂಡು ಹೋಗ್ತೀನಿ. ಪೈಪು ತಾನೆ, ಎಲ್ಲಾದ್ರೂ ಉಪಯೋಗಕ್ಕೆ ಬರುತ್ತೆ," ಎಂದಳು.

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ದಿನವೂ ಒಂದೊಂದು ತಪ್ಪು ಹುಡುಕಿದೆ. ಕರೆಂಟು ಹೋದರೆ ಇವುಗಳ ಗತಿಯೇನು? ಗಿಡದ ಆಹಾರವೆಂದು ಎರಡು ಬಾಟಲಿಯ ಸಾರವನ್ನು ನೀರಿಗೆ ಹನಿ ಲೆಕ್ಕದಲ್ಲಿ ಬೆರೆಸುವುದೆಂದರೆ ಅದು ತೋಟವೋ, ಔಷಧಿ ಅಂಗಡಿಯೋ? ಕೊತ್ತಂಬರಿ ಎಲೆಯನ್ನು ಹೊಸಕಿ ಮೂಸಿದೆ. "ಘಮ ಎಲ್ಲೇ ಇದರಲ್ಲಿ?"

"ಇರೋ ಘಾಟೆಲ್ಲ ನಿನ್ನ ಬಾಯಲ್ಲೇ ಇದೆಯಲ್ಲಮ್ಮ!"

ಬಾಯಿಬಿಟ್ಟು ಹೇಳದಿದ್ದರೂ ಕೆಲವು ಸಂಗತಿ ನನ್ನ ಕಣ್ಣಿಗೆ ಬಿದ್ದಿದ್ದವು. ಕಳೆ ಕೀಳುವ ಕೆಲಸವೇ ಇಲ್ಲ. ಇಷ್ಟೇ ಸೊಪ್ಪಿಗೆ ತೋಟದಲ್ಲಿ ಒಂದು ಬೆಳಗ್ಗೆ ಸುರಿಯುತ್ತಿದ್ದ ನೀರು ಇಲ್ಲಿ ಹದಿನೈದು ದಿನಕ್ಕೆ ಸಾಕು. ಮಣ್ಣಿನಲ್ಲಿ ಐದು ವಾರ ಹಿಡಿಯುವ ಪುದೀನ ಇಲ್ಲಿ ಮೂರೇ ವಾರಕ್ಕೆ ಕೊಳವೆ ಮುಚ್ಚುವಷ್ಟು ಹಬ್ಬಿತ್ತು. ಮಗಳಿಲ್ಲದ ಹೊತ್ತಿನಲ್ಲಿ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಕೂತಷ್ಟೂ ಅದರ ಮೇಲೆ ಕರುಳು ಎಳೆಯುತ್ತಿತ್ತು. ಪಾಪ, ಬರೀ ನೀರು, ನಾಲ್ಕು ಹನಿ ಸಾರ ಕುಡಿದು ಎಷ್ಟು ದಿನ ಬದುಕೀತು?

ಒಂದು ಬೆಳಗ್ಗೆ ಮಗಳು ಕೆಲಸಕ್ಕೆ ಹೋದದ್ದೇ ತಡ, ಕೆಲಸ ಬಿಡುವಾಗ ತೋಟದಿಂದ ತಂದು ಬಾಲ್ಕನಿಯಲ್ಲಿಟ್ಟಿದ್ದ ಚೀಲದಿಂದ ಚೆನ್ನಾಗಿ ಕಳಿತ ಗೊಬ್ಬರವನ್ನು ಒಂದು ಹಿಡಿ ತಂದು ತೊಟ್ಟಿಗೆ ಉದುರಿಸಿದೆ. ಅದು ಸಾಲದೆನಿಸಿ ಇನ್ನೊಂದು ಹಿಡಿ. ಬಹಳ ದಿನಗಳ ನಂತರ ಮನಸ್ಸಿಗೆ ಹಾಯೆನಿಸಿ, ಹೋಗಿ ಮಲಗಿದೆ.

ಎದ್ದಾಗ ನಡುಮಧ್ಯಾಹ್ನ. ಕೋಣೆ ಕಾದಿತ್ತು. ನೀರಿನ ಸದ್ದಿಲ್ಲ. ಪಂಪು ಕಟ್ಟಿಕೊಂಡು ನಿಂತಿತ್ತು, ಕೊಳವೆಗಳು ಒಣಗಿದ್ದವು, ಅಷ್ಟೂ ಗಿಡಗಳು ಬಾಡಿ ಜೋತುಬಿದ್ದಿದ್ದವು. ನನ್ನ ಜೀವ ಬಾಯಿಗೆ ಬಂತು. ಮಗಳಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಇಲ್ಲಿ ನಾನು ಮಾಡಿದ್ದನ್ನು ಅವು ಉಣ್ಣುತ್ತಿದ್ದವು.

ತೊಟ್ಟಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಚೊಂಬಿನಲ್ಲಿ ಕೊಳವೆಗೆ ಹೊಯ್ಯತೊಡಗಿದೆ. ಹೊಯ್ದದ್ದು ಇಳಿದು ಬರುತ್ತಿತ್ತು, ಮತ್ತೆ ಹೊಯ್ಯುತ್ತಿದ್ದೆ. ಬೇರಿಗೆ ನೀರು ತಾಗುತ್ತಿದೆಯೋ ಇಲ್ಲವೋ ನೋಡೋಣವೆಂದು ಪುದೀನದ ಒಂದು ಬಟ್ಟಲನ್ನು ಮೆಲ್ಲಗೆ ಮೇಲೆತ್ತಿದೆ.

ಎತ್ತಿದ ಕೈ ಹಾಗೆಯೇ ನಿಂತಿತು. ಮೊಳದುದ್ದದ ಬೇರು, ಹಾಲಿನಷ್ಟು ಬಿಳಿ. ಒಂದೊಂದು ಎಳೆಗೂ ನೂರು ಮರಿ ಎಳೆ, ತುದಿತುದಿಯಲ್ಲೂ ನೀರಹನಿ. ಮೂವತ್ತೆಂಟು ವರ್ಷದಲ್ಲಿ ನಾನು ಬೇರು ಕಂಡದ್ದು ಗಿಡ ಸತ್ತಾಗ ಅಥವಾ ನಾನೇ ಕಿತ್ತಾಗ ಮಾತ್ರ; ಹರಿದು, ಮುರಿದು, ಮಣ್ಣು ಮೆತ್ತಿಕೊಂಡು. ಜೀವವಿರುವ ಬೇರನ್ನು ಇಡಿಯಾಗಿ ನಾನು ಒಮ್ಮೆಯೂ ನೋಡಿರಲಿಲ್ಲ. ಕಾಲಡಿಯಲ್ಲಿ ಇಷ್ಟೆಲ್ಲ ನಡೆಯುತ್ತಿತ್ತೇ? ಇದನ್ನು ಕಾಣದೆಯೇ ಎಲ್ಲ ಬಲ್ಲೆನೆಂದು ಮೆರೆದೆನೇ? ಮೈ ಜುಮ್ಮೆಂದಿತು, ಕಣ್ಣು ತುಂಬಿತು. ಅದನ್ನು ಹೆಚ್ಚು ಹೊತ್ತು ಗಾಳಿಗೊಡ್ಡಲು ಹೆದರಿ ನೀರಿಗಿಳಿಸಿದೆ.

ಒಂದು ಗಂಟೆ ಕಳೆಯುವಷ್ಟರಲ್ಲಿ ಪುದೀನದ ಒಂದು ಕುಡಿ ಅಲುಗಿತು. ಕಿಟಕಿ ಮುಚ್ಚಿತ್ತು, ಗಾಳಿಯಿರಲಿಲ್ಲ. ನೋಡನೋಡುತ್ತಿದ್ದಂತೆ ಅದು ತಲೆಯೆತ್ತಿತು, ಆಮೇಲೆ ಪಕ್ಕದ್ದು. ನಾನು ಉಸಿರು ಬಿಗಿಹಿಡಿದು ಹೊಯ್ಯುತ್ತಲೇ ಇದ್ದೆ.

ಸಂಜೆ ಮಗಳು ಬಂದಾಗ ಪುದೀನ, ಸಬ್ಬಸಿಗೆ ನೆಟ್ಟಗಾಗಿದ್ದವು. ಕೊತ್ತಂಬರಿ ಅರ್ಧಕ್ಕರ್ಧ ಹೋಗಿತ್ತು. ಅವಳು ಪಂಪು ಬಿಚ್ಚಿದಳು. ಒಳಗಿನ ಸ್ಪಂಜು ಕಪ್ಪು ಮುದ್ದೆಯಾಗಿತ್ತು. ಅದನ್ನು ಹಿಂಡಿ, ಬೆರಳಿಗಂಟಿದ ಗೊಬ್ಬರವನ್ನು ನೋಡಿದಳು.

"ಇಷ್ಟ ಇಲ್ಲ ಅಂತ ಬಾಯಲ್ಲಿ ಹೇಳಿದ್ರೆ ಸಾಕಿತ್ತಮ್ಮ. ಕೆಡಿಸಬೇಕಿರಲಿಲ್ಲ. ನಾಳೆ ಬಿಚ್ಚಿಬಿಡ್ತೀನಿ."

"ಕೆಡಿಸೋಕೆ ಹಾಕಿದ್ದಲ್ಲ ಕಣೇ," ಎಂದೆ. "ಹಸಿದಿರುತ್ತೆ ಅಂತ ಹಾಕಿದೆ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಒದ್ದೆ ಸೀರೆ, ಇನ್ನೂ ಕೈಬಿಡದ ಚೊಂಬು.

"ಬಿಚ್ಚಬೇಡ. ನನಗೆ ಇದೇನೂ ಗೊತ್ತಿಲ್ಲ. ಕಲಿಸು."

ಇಷ್ಟು ವಯಸ್ಸಿಗೆ ಆ ಮಾತನ್ನು ನಾನು ಯಾರ ಮುಂದೆಯೂ ಆಡಿದವಳಲ್ಲ. ಮಗಳು ಕಣ್ಣೊರೆಸಿಕೊಂಡು ಅಳತೆಯ ಲೋಟವನ್ನು ನನ್ನತ್ತ ಚಾಚಿದಳು, ನಾನು ಕೈ ನೀಡಿದೊಡನೆ ಹಿಂದಕ್ಕೆಳೆದುಕೊಂಡಳು.

"ಮೊದಲು ಸೋಪು ಹಾಕಿ ಕೈ ತೊಳ್ಕೊಂಡು ಬಾ," ಎಂದಳು.

ನಾನು ತುಟಿಪಿಟಕ್ಕೆನ್ನದೆ ಎದ್ದು ಹೋಗಿ ತೊಳೆದುಕೊಂಡು ಬಂದೆ.