ಹನ್ನೆರಡು ವೋಲ್ಟಿನ ಲೆಕ್ಕ

ಮೋಟಾರ್ ಕಾಯಿಲ್ ಸುತ್ತುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದ ಆಕೆಗೆ ಜೊತೆಗಾರರು ಇಟ್ಟ ಹೆಸರು ಫ್ಯೂಸಮ್ಮ. ಯಾವ ಯಂತ್ರ ನಿಂತರೂ ಮೊದಲು ಫ್ಯೂಸ್ ನೋಡುತ್ತಿದ್ದಳು ಎಂಬುದು ಒಂದು ಕಾರಣ. ಅವಳ ತಾಳ್ಮೆಯ ಫ್ಯೂಸೂ ಬೇಗ ಹಾರುತ್ತಿತ್ತು ಎಂಬುದು ಇನ್ನೊಂದು.

ಈಗ ನಿಂತಿದ್ದು ಸೊಸೆಯ ಕಂಪ್ಯೂಟರ್. ಯಾವುದೋ ಕಚೇರಿಯವರು ಬಳಸಿ ಬಿಟ್ಟ ಹಳೇ ಪೆಟ್ಟಿಗೆ ಅದು. ಮನೆಗಳ ನಕ್ಷೆ ಬಿಡಿಸಲೆಂದು ಸೊಸೆ ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಿದ್ದಳು. ಅಂದಿನಿಂದ ಶುರುವಾಯಿತು ರಗಳೆ. ಗೆರೆ ಎಳೆಯುವವರೆಗೆ ಸುಮ್ಮನಿರುತ್ತಿತ್ತು. ಎಳೆದ ಮನೆಯನ್ನು ಪರದೆಯ ಮೇಲೆ ತಿರುಗಿಸಿ ನೋಡಹೊರಟರೆ ಸಾಕು, ಟಪ್ ಎಂದು ಆರಿಹೋಗುತ್ತಿತ್ತು. ಕೆಲಸಕ್ಕೆ ಅರ್ಜಿ ಹಾಕಿದ್ದ ಕಟ್ಟಡ ಕಂಪನಿ ಮೆಟ್ಟಿಲುಗಳಿರುವ ಮನೆಯೊಂದರ ನಕ್ಷೆ ಕೇಳಿತ್ತು. ನಾಳೆ ಸಂಜೆಯೊಳಗೆ ಕಳಿಸಬೇಕು.

"ಬಿಡಿ ಅತ್ತೆ, ನನ್ನ ಹಣೇಬರಹಾನೇ ಇಷ್ಟು" ಎಂದು ಸೊಸೆ ಕುರ್ಚಿಯಲ್ಲಿ ಕುಸಿದಳು.

"ಹಣೇಬರಹ ಆಮೇಲೆ ಓದೋಣ. ಮೊದ್ಲು ಈ ಡಬ್ಬದ ಮೇಲಿರೋದು ಓದು."

ಫ್ಯೂಸಮ್ಮ ಪಕ್ಕದ ತಗಡು ಬಿಚ್ಚಿಸಿದಳು. ಮೂಲೆಯಲ್ಲಿ ಕೂತು ಒಳಗೆಲ್ಲ ಕರೆಂಟ್ ಹಂಚುವ ಪವರ್ ಸಪ್ಲೈ ಮೇಲಿನ ಲೇಬಲ್ಲಿನಲ್ಲಿ ಇನ್ನೂರ ನಲವತ್ತು ವ್ಯಾಟ್ ಎಂದಿತ್ತು. ಕಾರ್ಡಿನ ಡಬ್ಬಿಯ ಮೇಲೆ ಕನಿಷ್ಠ ಮುನ್ನೂರು ಬೇಕೆಂದು ಬರೆದಿತ್ತು.

"ನೋಡು, ಕಾರ್ಡಿಗೆ ಹಸಿವು ಜಾಸ್ತಿ, ಇದರ ಕೈಲಿ ಬಡಿಸೋಕಾಗ್ತಿಲ್ಲ." ಟೇಪ್ ಹಿಡಿದು ಸಪ್ಲೈಯ ಅಗಲ, ಎತ್ತರ, ಉದ್ದ ಅಳೆದು, ನಾಲ್ಕು ಸ್ಕ್ರೂ ತೂತುಗಳ ಜಾಗವನ್ನೂ ಗುರುತು ಹಾಕಿಕೊಂಡು, ಚೀಟಿಯನ್ನು ಕುಪ್ಪಸದೊಳಗೆ ತುರುಕಿ ಹೊರಟಳು.

ಬಿಡಿಭಾಗದ ಅಂಗಡಿಯವನು ಅವಳ ನರೆತ ತಲೆ ನೋಡಿ ಮುಗುಳ್ನಕ್ಕ. "ಐನೂರು ವ್ಯಾಟ್ ಅಮ್ಮ, ಕಣ್ಣು ಮುಚ್ಚಿ ತಗೊಂಡ್ಹೋಗಿ" ಎಂದು ಒಂದು ಡಬ್ಬ ಮುಂದಿಟ್ಟ.

ಫ್ಯೂಸಮ್ಮ ಅದನ್ನು ಅಂಗೈಯಲ್ಲಿ ತೂಗಿದಳು. ಖಾಲಿ ಬಿಸ್ಕತ್ ಡಬ್ಬದಷ್ಟು ಹಗುರ. ಕನ್ನಡಕ ಏರಿಸಿ ಲೇಬಲ್ ಓದಿದಳು.

"ಹನ್ನೆರಡು ವೋಲ್ಟಿನ ಲೈನಲ್ಲಿ ಹದಿನಾಲ್ಕೇ ಆಂಪಿಯರ್. ಗುಣಿಸಿದ್ರೆ ನೂರ ಅರವತ್ತೆಂಟು. ಕಂಪ್ಯೂಟರ್ ಮುಖ್ಯವಾಗಿ ಉಣ್ಣೋದು ಇದೇ ಲೈನಿಂದ. ಉಳಿದದ್ದು ಎಲ್ಲಿ ಹೋಯ್ತಪ್ಪ, ನಿನ್ನ ಜೇಬಿಗಾ?"

ಅಂಗಡಿಯವನ ನಗು ಅರ್ಧಕ್ಕೇ ನಿಂತಿತು. "ಎಲ್ಲರೂ ಇದನ್ನೇ ಒಯ್ತಾರೆ…"

"ಎಲ್ಲರ ಮನೇಲಿ ನನ್ನ ಸೊಸೆ ಇಲ್ವಲ್ಲ."

ಒಂದೊಂದಾಗಿ ಆರು ಡಬ್ಬ ತೆಗೆಸಿದಳು. ಒಂದರ ಉದ್ದ ಜಾಸ್ತಿ, ಒಂದರ ತೂತು ಬೇರೆ. ಕಡೆಗೆ ನಾನೂರು ವ್ಯಾಟಿನದೊಂದು ಸಿಕ್ಕಿತು. ಹನ್ನೆರಡರ ಲೈನಿಗೆ ಮೂವತ್ತು ಆಂಪಿಯರ್, ಕೈಗೆ ಭಾರ, ಅಳತೆಯೂ ಸರಿ. ಗೆದ್ದ ಗತ್ತಿನಲ್ಲಿ ಮನೆಗೆ ಬಂದಳು.

ಸಪ್ಲೈ ಜಾಗದಲ್ಲಿ ಸೊಗಸಾಗಿ ಕೂತಿತು. ಆದರೆ ಅದರ ಉದ್ದನೆಯ ಪ್ಲಗ್ಗಿನಲ್ಲಿ ಇಪ್ಪತ್ತನಾಲ್ಕು ಪಿನ್ನು. ಮುಖ್ಯ ಬೋರ್ಡಿನಲ್ಲಿದ್ದ ಬಾಯಿಗೆ ಎಂಟೇ. ಕಂಪ್ಯೂಟರ್ ತಯಾರಿಸಿದ ಕಂಪನಿಯವರು ತಮ್ಮದೇ ಬೇರೆ ಬಗೆಯ ಪ್ಲಗ್ ಇಟ್ಟಿದ್ದರು. ಫ್ಯೂಸಮ್ಮ ಪ್ಲಗ್ ಕೈಯಲ್ಲಿ ಹಿಡಿದು ಗರಬಡಿದವಳಂತೆ ಕೂತಳು. ಅಂಗಡಿ ತುಂಬ ಜಂಬ ಕೊಚ್ಚಿ, ಎಲ್ಲಕ್ಕಿಂತ ಮೊದಲು ಎಣಿಸಬೇಕಾದ್ದನ್ನೇ ಎಣಿಸಿರಲಿಲ್ಲ.

"ತಪ್ಪು ನಂದೇ" ಎಂದಳು. ಆ ಮಾತು ಅವಳ ಬಾಯಿಂದ ಬಂದದ್ದನ್ನು ಸೊಸೆ ಮೊದಲ ಸಲ ಕೇಳಿದ್ದು.

"ಹೋಗ್ಲಿ ಅತ್ತೆ, ಇನ್ನೊಂದ್ಸಲ ಅರ್ಜಿ ಹಾಕಿದ್ರಾಯ್ತು."

"ಇನ್ನೊಂದ್ಸಲ ಯಾಕೆ? ಇದೇ ಸಲ ಇನ್ನೂ ಮುಗಿದಿಲ್ಲ."

ಮರುದಿನ ಅಂಗಡಿಯ ಬಾಗಿಲು ಮೇಲೇರುವಷ್ಟರಲ್ಲಿ ಮೆಟ್ಟಿಲ ಮೇಲೆ ಅವಳು ಹಾಜರು. ಅಂಗಡಿಯವನು ತನ್ನ ಸರದಿಗೆ ಕಾದಿದ್ದವನಂತೆ, "ಅಷ್ಟೇನಾ? ವೈರ್ ಕತ್ತರಿಸಿ ಎಂಟು ತಂತಿ ಸುತ್ತಿ ಜೋಡಿಸಿಬಿಡ್ತೀನಿ" ಎಂದ.

"ನಾನು ಮೂವತ್ತೊಂದು ವರ್ಷ ತಂತಿ ಸುತ್ತಿದೀನಪ್ಪ. ಎಲ್ಲಿ ಸುತ್ತಬಾರ್ದು ಅಂತಾನೂ ಗೊತ್ತು. ಆ ಬೋರ್ಡಿಗೆ ಒಪ್ಪೋ ಅಡಾಪ್ಟರ್ ವೈರ್ ಇರಲೇಬೇಕು. ಹುಡುಕು. ನಾನು ಕೂತಿರ್ತೀನಿ." ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟಳು.

ಅವನು ಮೂರು ಕಡೆ ಫೋನ್ ಮಾಡಿದ. ಒಳಗಿನ ಕಪಾಟು ಜಾಲಾಡಿದ. ಕೊನೆಗೆ ಎರಡು ಬೀದಿ ಆಚೆಯ ರಿಪೇರಿಯವಳ ಹತ್ತಿರ ಗೇಣುದ್ದದ ವೈರೊಂದು ಸಿಕ್ಕಿತು. ಒಂದು ತುದಿಗೆ ಇಪ್ಪತ್ತನಾಲ್ಕು, ಇನ್ನೊಂದಕ್ಕೆ ಎಂಟು. ಫ್ಯೂಸಮ್ಮ ಕಂಪ್ಯೂಟರಿನ ಮಾದರಿ ಸಂಖ್ಯೆಯನ್ನು ವೈರಿನ ಡಬ್ಬಿಯ ಮೇಲಿದ್ದ ಪಟ್ಟಿಯೊಂದಿಗೆ ಎರಡು ಸಲ ತಾಳೆ ನೋಡಿದ ಮೇಲೇ ಎದ್ದಳು.

ಮಧ್ಯಾಹ್ನ ಯಂತ್ರ ಚಾಲೂ ಆಯಿತು. ಸೊಸೆ ಮೌಸ್ ಹಿಡಿದು ಹೆದರುತ್ತ ಹೆದರುತ್ತ ಮನೆಯನ್ನು ತಿರುಗಿಸಿದಳು. ಆರಲಿಲ್ಲ. ಫ್ಯೂಸಮ್ಮ ಸುಮ್ಮನಾಗಲಿಲ್ಲ, ಒಂದು ಗಂಟೆ ತಿರುಗಿಸುತ್ತಲೇ ಇರು ಎಂದು ಹೇಳಿ, ಹಿಂದಿನ ಫ್ಯಾನಿನ ಗಾಳಿಗೆ ಅಂಗೈ ಒಡ್ಡಿ ನಿಂತಳು. ಗಾಳಿ ಬೆಚ್ಚಗಾಯಿತೇ ಹೊರತು ಬಿಸಿಯಾಗಲಿಲ್ಲ.

ಆಮೇಲೆಯೇ ಅವಳು ಪರದೆ ನೋಡಿದ್ದು. ಕಂಡಕೂಡಲೇ ಹುಬ್ಬು ಗಂಟಿಕ್ಕಿದಳು.

"ಈ ಮೆಟ್ಟಿಲು ಹತ್ತೋರ್ಯಾರು, ಜಿರಾಫೆಗಳಾ? ನನ್ನ ಮಂಡಿ ಮೊದಲನೇದಕ್ಕೇ ಕೈ ಕೊಡುತ್ತೆ."

ಸೊಸೆ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಪಕ್ಕದಿಂದ ತಿರುಗಿಸಿ ದಿಟ್ಟಿಸಿದಳು. ಹೌದು, ಎತ್ತರ ಜಾಸ್ತಿಯೇ. ಎರಡು ಮೆಟ್ಟಿಲು ಹೆಚ್ಚಿಸಿ, ಎಲ್ಲವನ್ನೂ ತಗ್ಗಿಸಿ, ಸಂಜೆ ಐದಕ್ಕೆ ಕಳಿಸಿದಳು.

ಹತ್ತು ದಿನ ಕಳೆದ ಮೇಲೆ, ಕೆಲಸಕ್ಕೆ ಬರಲು ಹೇಳಿ ಕಂಪನಿಯಿಂದ ಕಾಗದ ಬಂತು. ಸೊಸೆ ಅದನ್ನು ಅತ್ತೆಯ ಕೈಗಿತ್ತು ಅವಳ ಭುಜಕ್ಕೆ ಒರಗಿದಳು. ಫ್ಯೂಸಮ್ಮ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಪೂರ್ತಿ ಓದಿದಳು.

"ಒಂಬತ್ತಕ್ಕೆ ಅಂತಿದೆ. ಎಂಟಕ್ಕೇ ಹೊರಡು" ಎಂದಳು.