ಎಳೆ ಮಲಗುವ ದಿಕ್ಕು

ಬಸ್ ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೆ ಡ್ರೈವರಣ್ಣ ತೊಳೆಯದೆ ಬಿಟ್ಟ ವಸ್ತು ಮನೆಯಲ್ಲಿ ಉಳಿದಿರಲಿಲ್ಲ. ಕಿಟಕಿ, ಫ್ಯಾನು, ಕೊನೆಗೆ ಪಕ್ಕದ ಮನೆಯವರ ಸ್ಕೂಟರೂ ಮುಗಿದು, ಅವನ ಕಣ್ಣು ನಡುಮನೆಯ ರತ್ನಗಂಬಳಿಯ ಮೇಲೆ ಬಿತ್ತು. ಅದು ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಮಗ್ಗದ ಮುಂದೆ ಕೂತು ಒಂದೊಂದೇ ಗಂಟು ಹಾಕಿ ನೇಯ್ದದ್ದು. ಹೆಂಡತಿ ಪೇಟೆಗೆ ಹೋದ ಸಮಯ ನೋಡಿ, ಬಂದವಳು ಬೆರಗಾಗಲಿ ಅಂತ, ಬಸ್ಸಿನ ಚಕ್ರ ಉಜ್ಜುತ್ತಿದ್ದ ತಂತಿ ಬ್ರಷ್ಷನ್ನೇ ಹಿಡಿದು ಕೂತ. ಬೆರಗೇನೋ ಆದಳು. ನಡುವಿನ ಕೆಂಪು ಹೂವಿನಲ್ಲಿ, ಹುಳ ತಿಂದು ಸಡಿಲಾಗಿದ್ದ ಕಡೆ, ಅಂಗೈಯಗಲ ಉಣ್ಣೆ ಕಿತ್ತುಬಂದು ಕೆಳಗಿನ ಬಿಳಿ ದಾರಗಳು ಹಲ್ಲು ಕಿರಿಯುತ್ತಿದ್ದವು.

"ನಮ್ಮಮ್ಮನ ಕೈಗುರುತು ಅಂತ ನಂಗೆ ಉಳಿದಿದ್ದು ಇದೊಂದೇ" ಅಂದಳು. ಅದೇ ಕೊನೆ, ಮತ್ತೆ ಗಂಡನ ಜತೆ ಮಾತಿಲ್ಲ. ಹೇಳಲೇಬೇಕಾದದ್ದನ್ನು ಮಗಳ ಮುಖ ನೋಡಿ ಹೇಳುವಳು. "ಊಟ ಬಡಿಸಿದೀನಿ ಅಂತ ನಿಮ್ಮಪ್ಪಂಗೆ ಹೇಳು." ಅಪ್ಪ ಎದುರಿಗೇ ತಟ್ಟೆ ಹಿಡಿದು ನಿಂತಿರುತ್ತಿದ್ದ. ಮಗಳಿಗೆ ಈ ಅಂಚೆ ಕೆಲಸ ಮಾಡಿ ಮಾಡಿ ಸಾಕುಬೇಕಾಗಿತ್ತು.

ಡ್ರೈವರಣ್ಣನಿಗೆ ಬೈಗುಳವಾದರೂ ಬೇಕಿತ್ತು, ಈ ಮೌನ ಬೇಡವಾಗಿತ್ತು. ಏನೇ ಆಗಲಿ ಸರಿಮಾಡಿಯೇ ತೀರುತ್ತೇನೆ ಅಂತ ಹಟಕ್ಕೆ ಬಿದ್ದು, ಗಂಬಳಿ ರಿಪೇರಿಯವನ ಅಂಗಡಿ ಹುಡುಕಿಕೊಂಡು ಹೋದ.

"ಮೊದಲು ಮಗುಚಿ ಹಾಕಿ ಬೆನ್ನಿಗೆ ಮೆಲ್ಲಗೆ ಬಡೀರಿ, ಧೂಳು ಉದುರುತ್ತೆ. ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತಾ ನೋಡಿ. ಬಿಡದಿದ್ರೆ ತಣ್ಣೀರಲ್ಲಿ ಒರೆಸಿ. ಆಮೇಲೆ ಎರಡೆರಡು ದಾರಕ್ಕೆ ಉಣ್ಣೆ ಸುತ್ತಿ, ತುದಿಗಳನ್ನ ಎಳೆದು ಕತ್ತರಿಸಿ. ಇನ್ನೊಂದು ಮಾತು..."

"ಗೊತ್ತಾಯ್ತು ಬಿಡಿ" ಅಂತ ಡ್ರೈವರಣ್ಣ ಆಗಲೇ ಮೆಟ್ಟಿಲಿಳಿದಿದ್ದ.

ಧೂಳು ಬಡಿದ, ಬಣ್ಣ ಪರೀಕ್ಷಿಸಿದ, ಮಗುವಿನ ಮೈ ಒರೆಸುವಷ್ಟು ಹುಷಾರಾಗಿ ಒರೆಸಿದ. ಹೊಸ ಕೆಂಪು ಉಣ್ಣೆ ಕಣ್ಣಿಗೆ ಹೊಡೆಯುತ್ತಿತ್ತು. ಟೀ ನೀರಲ್ಲಿ ಕುದಿಸಿ ಅದರ ಸೊಕ್ಕು ಇಳಿಸಿದ. ಬೆಳಕು ಚೆನ್ನಾಗಿದೆ ಅಂತ ಕಿಟಕಿಯ ಕಡೆ ಕೂತು ಗಂಟು ಹಾಕತೊಡಗಿದ. ಸ್ಟೀರಿಂಗ್ ಹಿಡಿದು ದಪ್ಪಗಾದ ಬೆರಳಿಗೆ ಸೂಜಿ ಜಗ್ಗುತ್ತಿರಲಿಲ್ಲ. ಚುಚ್ಚಿಸಿಕೊಂಡ, ಬೈದುಕೊಂಡ, ಬಿಡಲಿಲ್ಲ. ಹೆಂಡತಿ ಪೊರಕೆ ಹಿಡಿದು ಬಂದವಳು ಒಮ್ಮೊಮ್ಮೆ ನಿಂತು ನೋಡುವಳು. ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡು ಒಳಗೆ ಹೋಗುವಳು.

ಕೊನೆಯ ಗಂಟು ಬಿದ್ದ ದಿನ ತುದಿಗಳನ್ನೆಲ್ಲ ಸಮ ಕತ್ತರಿಸಿ ಮಗಳನ್ನು ಕೂಗಿದ. ಅವಳು ಮೇಲಿಂದ ಬಗ್ಗಿ ನೋಡಿ, "ಅಪ್ಪಾ, ಗೊತ್ತೇ ಆಗಲ್ಲ!" ಅಂದಳು. ಡ್ರೈವರಣ್ಣ ಉಬ್ಬಿಹೋದ. ದೂರದಿಂದಲೂ ಒಂದು ಸಲ ನೋಡೋಣ ಅಂತ ಬಾಗಿಲಿಗೆ ಹೋಗಿ ತಿರುಗಿದವನ ಮುಖ ಇಳಿದುಹೋಯಿತು. ಹೂವೆಲ್ಲ ಗಾಢ ಕೆಂಪು, ಅವನು ಗಂಟು ಹಾಕಿದ ಜಾಗ ಮಾತ್ರ ಬೆಳ್ಳಗೆ ತೇಪೆಯಂತೆ ಕಾಣುತ್ತಿತ್ತು. ಬಂದು ಅಂಗೈಯಿಂದ ಸವರಿದ. ಉಳಿದ ಎಳೆಗಳೆಲ್ಲ ಬಾಗಿಲ ಕಡೆಗೆ ಮಲಗಿದ್ದವು, ಅವನು ಹಾಕಿದವು ಕಿಟಕಿಯ ಕಡೆಗೆ, ಅದಕ್ಕೇ ಬೆಳಕು ಬೇರೆ ಥರ ಬಿದ್ದು ಬೆಳ್ಳಗೆ ಕಂಡಿದ್ದು. ತಾನು ಕೂತ ಕಡೆಗೆ ಎಳೆದೆಳೆದು ಗಂಟು ಹಾಕಿದ್ದ. ಆದರೆ ಅತ್ತೆ ನೇಯುವಾಗ ಕೂತಿದ್ದು ಈಗ ಬಾಗಿಲ ಕಡೆಗಿರುವ ತುದಿಯಲ್ಲಿ.

"ಬಿಡಪ್ಪ, ಮೇಲೊಂದು ಟೀಪಾಯಿ ಇಟ್ರೆ ಯಾರಿಗೆ ಕಾಣುತ್ತೆ?" ಅಂದಳು ಮಗಳು.

"ಕಾಣದೆ ಇರಬಹುದು. ನಿಮ್ಮಮ್ಮ ಇದರ ಮೇಲೆ ಬರಿಗಾಲಲ್ಲಿ ಓಡಾಡ್ತಾಳೆ ಕಣಮ್ಮ." ಕತ್ತರಿ ತಗೊಂಡು ಮೊದಲ ಗಂಟು ಕಿತ್ತ. ಕಣ್ಣು ತುಂಬಿ ಬಂದರೂ ಕೈ ನಿಲ್ಲಿಸಲಿಲ್ಲ.

"ಇಷ್ಟು ಕಷ್ಟಪಟ್ಟು ಹಾಕಿದ್ದನ್ನ ಯಾಕ್ರೀ ಕೀಳ್ತಿದೀರಾ?"

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅಭ್ಯಾಸಬಲದಿಂದ ಮಗಳು ಅದನ್ನು ಅಪ್ಪನಿಗೆ ದಾಟಿಸಲು ಬಾಯಿ ತೆರೆದು, ಸುಮ್ಮನಾದಳು.

"ಎಳೆ ಉಲ್ಟಾ ಮಲಗಿದೆ" ಅಂದ.

"ನೀವು ಶುರುಮಾಡಿದ ದಿನವೇ ನೋಡ್ದೆ."

ಅವನಿಗೆ ರೇಗಿತು. "ಮತ್ತೆ ಒಂದು ಮಾತು ಹೇಳಬಾರದಿತ್ತೇನೆ?"

"ನೀವು ಕೇಳಿದ್ರಾ? ಉಜ್ಜೋವಾಗ ಕೇಳಿದ್ರಾ? ಗಂಟು ಹಾಕೋವಾಗ ಕೇಳಿದ್ರಾ?"

ಊರಿಗೆ ಊರೇ ಅವನ ಬಸ್ಸಿನ ಬಾಗಿಲಲ್ಲಿ ನಿಂತು ದಾರಿ ಕೇಳಿತ್ತು. ಅವನು ಯಾರನ್ನೂ ಏನೂ ಕೇಳಿದವನಲ್ಲ, ಮನೆಯವಳನ್ನಂತೂ ಇಲ್ಲವೇ ಇಲ್ಲ. ಕತ್ತರಿ ಕೆಳಗಿಟ್ಟ.

"ಈಗ ಕೇಳ್ತಿದೀನಿ ಕಣೇ. ಅತ್ತೆ ಹೇಗೆ ಹಾಕ್ತಿದ್ರು?"

ಅವಳು ಬಾಗಿಲ ಕಡೆಯ ತುದಿಯಿಂದ ಬಂದು, ಹರಿದ ಹೂವಿನ ಪಕ್ಕದಲ್ಲಿ ಕಾಲು ಮಡಿಚಿ ಕೂತಳು. "ಈ ಕಡೆ ಬನ್ನಿ. ಅಮ್ಮ ಹಾಕೋವಾಗ ನಾನು ಹೀಗೇ ಪಕ್ಕದಲ್ಲಿ ಕೂತು ದಾರ ಕೊಡ್ತಿದ್ದೆ."

ಅವನು ಸೂಜಿ ಹಿಡಿದು ಅವಳ ಮಗ್ಗುಲಿಗೆ ಬಂದು ಕೂತ. ಅವಳು ಕೆಂಪು ಉಣ್ಣೆಯನ್ನು ಬೆರಳಲ್ಲೇ ಅಳೆದು, ಕತ್ತರಿಸಿ, ಮೊದಲ ಎಳೆಯನ್ನು ಅವನ ಕೈಗಿಟ್ಟಳು.